ಡೈವೋರ್ಸ್, ಮಕ್ಕಳ ಖರ್ಚು, ಕಸ್ಟಡಿ: ಕೊಡಗಿನಲ್ಲಿರೋರು ಯಾವ ದಾರಿ ಹಿಡಿದ್ರೆ ಏನಾಗುತ್ತೆ

ಡೈವೋರ್ಸ್ ಮಾತು ಬಂದ ತಕ್ಷಣ ಜನ ಕೇಳೋ ಮೊದಲನೇ ಪ್ರಶ್ನೆ ಎಷ್ಟು ತಿಂಗಳಲ್ಲಿ ಮುಗಿಯುತ್ತೆ ಅಂತ. ಎರಡನೇದು ಎಷ್ಟು ಕೊಡಬೇಕು, ಇಲ್ಲಾಂದ್ರೆ ಎಷ್ಟು ಸಿಗುತ್ತೆ. ಮಗು ಯಾರ ಹತ್ರ ಇರುತ್ತೆ, ಸ್ಕೂಲ್ ಎಲ್ಲಿ, ರಜೆಗೆ ಎಲ್ಲಿ ಅನ್ನೋದೆಲ್ಲ ವಕೀಲರೇ ಬಾಯಿಬಿಟ್ಟು ಕೇಳಿದ ಮೇಲೆ ಬರುತ್ತೆ. ನಾನು ಮಡಿಕೇರಿಲಿ ಒಬ್ಬ ವಕೀಲರ ಆಫೀಸಲ್ಲಿ ಟೈಪಿಂಗು ಫೈಲಿಂಗು ಮಾಡ್ಕೊಂಡಿರೋಳು, ವಕೀಲೆ ಅಲ್ಲ, ಆದ್ರೆ ಇಷ್ಟು ಅರ್ಜಿ ಟೈಪ್ ಮಾಡಿದ ಮೇಲೆ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ: ಈ ಸಾಲನ್ನ ಉಲ್ಟಾ ಮಾಡ್ಬೇಕು. ಮೊದಲು ಮಗುವಿನ ವ್ಯವಸ್ಥೆ, ಆಮೇಲೆ ದುಡ್ಡು, ಎಲ್ಲಾದಕ್ಕಿಂತ ಕೊನೇಲಿ ಡೈವೋರ್ಸ್ ಯಾವ ಥರದ್ದು ಅನ್ನೋದು. ಕಾನೂನಿನಲ್ಲಿ ಈ ಮೂರೂ ಬೇರೆ ಬೇರೆ ವಿಷಯ, ಒಂದಕ್ಕೊಂದು ಗಂಟು ಹಾಕಿ "ಮಗು ನೀನೇ ಇಟ್ಕೊ, ದುಡ್ಡು ಮಾತ್ರ ಕೇಳ್ಬೇಡ" ಅಂತ ವ್ಯಾಪಾರ ಮಾಡ್ಕೊಂಡ್ರೆ ಅವತ್ತಿಗೆ ಮುಗೀತು ಅನ್ಸುತ್ತೆ, ಮಗು ಹೈಸ್ಕೂಲ್‌ಗೆ ಬರೋ ಹೊತ್ತಿಗೆ ಮತ್ತೆ ಅದೇ ಇಬ್ಬರು ಅದೇ ಕೋರ್ಟ್ ವರಾಂಡದಲ್ಲಿ ನಿಂತಿರ್ತಾರೆ.

ಯಾರಿಗೆ ಯಾವ ಕಾಯ್ದೆ ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ಕೊಡವರಾಗಲಿ ಅರೆಭಾಷೆ ಗೌಡರಾಗಲಿ ಬೇರೆ ಹಿಂದೂ ಸಮುದಾಯದವರಾಗಲಿ, 1955ರ ಹಿಂದೂ ವಿವಾಹ ಕಾಯ್ದೆ. ರಿಜಿಸ್ಟ್ರಾರ್ ಮುಂದೆ ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲಿ ಮದುವೆ ಆದೋರಿಗೆ 1954ರ ಆ ಕಾಯ್ದೆಯೇ. ಕ್ರಿಶ್ಚಿಯನ್ನರಿಗೆ 1869ರ ಡೈವೋರ್ಸ್ ಆಕ್ಟ್, ಅದರಲ್ಲಿ ಒಪ್ಪಿಗೆ ಡೈವೋರ್ಸ್‌ಗೆ ಎರಡು ವರ್ಷ ಬೇರೆ ಇರಬೇಕು ಅಂತ ಬರೆದಿದೆ, ಆದ್ರೆ ನಮ್ಮ ಹೈಕೋರ್ಟ್ ಅದನ್ನ ಒಂದು ವರ್ಷ ಅಂತಲೇ ಓದಬೇಕು ಅಂದಿದೆ. ಮುಸ್ಲಿಂ ಹೆಣ್ಣುಮಕ್ಕಳಿಗೆ ಖುಲಾ (ಹೆಂಡತಿ ಕೇಳಿ ಪಡೆಯೋದು), ಮುಬಾರತ್ (ಇಬ್ಬರೂ ಒಪ್ಪಿ ಬಿಡೋದು) ದಾರಿಗಳಿವೆ, ಕೋರ್ಟ್‌ಗೆ ಹೋಗೋದಾದ್ರೆ 1939ರ ಕಾಯ್ದೆ ಇದೆ, ಒಂದೇ ಸಲ ಮೂರು ತಲಾಕ್ ಹೇಳೋದು 2019ರಿಂದ ಅಪರಾಧ. ಕೆಳಗೆ ಜಾಸ್ತಿ ಬರೆದಿರೋದು ಹಿಂದೂ ವಿವಾಹ ಕಾಯ್ದೆ ಬಗ್ಗೆ, ಮಕ್ಕಳ ಖರ್ಚಿನ ಭಾಗ ಬಹುತೇಕ ಎಲ್ಲರಿಗೂ ಅನ್ವಯ ಆಗುತ್ತೆ.

ಮಗು ಎಲ್ಲಿರಬೇಕು

ಇಲ್ಲಿ ಎರಡು ನಂಬಿಕೆ ಊರ ತುಂಬ ಓಡಾಡ್ತಿವೆ. ಒಂದು, ಮಗು ಯಾವಾಗಲೂ ತಾಯಿಗೇ. ಇನ್ನೊಂದು, ಗಂಡು ಮಗು ಆದ್ರೆ ಅಪ್ಪನ ಒಕ್ಕಕ್ಕೆ, ಅಂದ್ರೆ ಮನೆತನಕ್ಕೆ ಸೇರಿದ್ದು. ಎರಡೂ ಪೂರ್ತಿ ಸರಿಯಲ್ಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ ಸೆಕ್ಷನ್ 6 ಹೇಳೋದು ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ರ ಇರಬೇಕು ಅಂತ, ಗಂಡು ಹೆಣ್ಣು ಭೇದ ಇಲ್ಲ. ಐದು ದಾಟಿತು ಅಂತ ತಾನಾಗೇ ಅಪ್ಪನ ಕಡೆ ಹೋಗಲ್ಲ. ಸೆಕ್ಷನ್ 13 ಪ್ರಕಾರ ಜಡ್ಜ್ ನೋಡಬೇಕಾದ್ದು ಮಗುವಿನ ಹಿತ, ಅದರ ಮುಂದೆ ಅಪ್ಪ ಅಮ್ಮ ಇಬ್ಬರ ಹಕ್ಕೂ ಎರಡನೇದು. ಯಾರಿಗೆ ಸಂಬಳ ಜಾಸ್ತಿ ಅನ್ನೋದೊಂದರ ಮೇಲೇ ಕಸ್ಟಡಿ ನಿಲ್ಲಲ್ಲ, ಕಡಿಮೆ ಸಂಬಳದ ತಾಯಿಗೆ ಕಸ್ಟಡಿ ಕೊಟ್ಟು ಅಪ್ಪನ ಹತ್ರ ಖರ್ಚು ಕೊಡಿಸೋದು ಕೋರ್ಟ್‌ಗೆ ದಿನನಿತ್ಯದ ಕೆಲಸ. ಬುದ್ಧಿ ಬಂದ ಮಗು ಆದ್ರೆ ಜಡ್ಜ್ ಚೇಂಬರ್‌ಗೆ ಕರೆದು ಮಾತಾಡಿಸಬಹುದು, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲೇ ಅದಕ್ಕೆ ಜಾಗ ಇದೆ. ಆದ್ರೆ ಮಗು ಹೇಳಿದ್ದೇ ತೀರ್ಪು ಆಗಲ್ಲ, ಹೇಳಿಕೊಟ್ಟು ಕಳಿಸಿದ್ರೆ ಜಡ್ಜ್‌ಗೆ ಎರಡು ಪ್ರಶ್ನೆಲೇ ಗೊತ್ತಾಗುತ್ತೆ, ದಯವಿಟ್ಟು ಆ ಕೆಲಸ ಮಾಡ್ಬೇಡಿ.

ಸರಿ, ಆಯ್ಕೆಗಳೇನು? ಒಂದು, ಮಗು ಒಬ್ಬರ ಹತ್ರ, ಇನ್ನೊಬ್ಬರಿಗೆ ಭೇಟಿ ಹಕ್ಕು. ಎರಡು, ಜಂಟಿ ಕಸ್ಟಡಿ, ಅಂದ್ರೆ ದಿನ ಅಥವಾ ವಾರ ಹಂಚಿಕೊಂಡು ಇಬ್ಬರ ಮನೆಲೂ ಇರೋದು, ಸ್ಕೂಲು ಆಸ್ಪತ್ರೆ ನಿರ್ಧಾರ ಇಬ್ಬರೂ ಸೇರಿ ಮಾಡೋದು. ನಮ್ಮ ಕಾಯ್ದೆಗಳಲ್ಲಿ ಜಂಟಿ ಕಸ್ಟಡಿಗೆ ಅಂತ ಬೇರೆ ಸೆಕ್ಷನ್ ಇಲ್ಲ, ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ತರಬೇಕು ಅಂತ ಶಿಫಾರಸು ಮಾಡಿತ್ತು ಅಷ್ಟೇ, ಆದ್ರೂ ಇಬ್ಬರೂ ಒಪ್ಪಿ ಬರೆದುಕೊಟ್ರೆ, ಮಗುವಿಗೆ ಒಳ್ಳೇದು ಅನಿಸಿದ್ರೆ, ಕೋರ್ಟ್ ಆರ್ಡರ್ ಮಾಡುತ್ತೆ. ಮೂರನೇದು ನಮ್ಮ ಜಿಲ್ಲೇಲಿ ತುಂಬ ಕಾಣೋದು, ಮಗು ಹಾಸ್ಟೆಲ್ ಸ್ಕೂಲಲ್ಲಿ, ರಜೆ ಮಾತ್ರ ಇಬ್ಬರಿಗೂ ಅರ್ಧರ್ಧ. ಜಗಳದ ಮನೆಯಿಂದ ದೂರ ಇರಲಿ ಅಂತ ಮಗುನ ಅವಸರದಲ್ಲಿ ಹಾಸ್ಟೆಲ್‌ಗೆ ತಳ್ಳೋದು ನನಗಂತೂ ಇಷ್ಟ ಇಲ್ಲ. ಮೊದಲಿಂದಲೂ ಹಾಸ್ಟೆಲ್‌ನಲ್ಲೇ ಇದ್ದ ಮಗು ಆದ್ರೆ ಅದು ಬೇರೆ ಮಾತು, ಅಂಥ ಮಗುವಿಗೆ ಅದೇ ಸ್ಕೂಲು ಅದೇ ಫ್ರೆಂಡ್ಸು ಇರೋದು ದೊಡ್ಡ ಆಸರೆ, ಅದನ್ನ ಕೀಳಬಾರದು.

ಇವುಗಳಲ್ಲಿ ಯಾವುದು ನಡೆಯುತ್ತೆ ಅನ್ನೋದು ಸೆಕ್ಷನ್‌ಗಿಂತ ರಸ್ತೆ ಮೇಲೆ ನಿಂತಿದೆ. ಇಬ್ಬರೂ ವಿರಾಜಪೇಟೆ ಸುತ್ತಮುತ್ತ ಇದ್ರೆ ಜಂಟಿ ಕಸ್ಟಡಿ ನಿಜವಾಗಲೂ ನಡೆಯುತ್ತೆ, ಶುಕ್ರವಾರ ಸ್ಕೂಲ್‌ನಿಂದಲೇ ಅಪ್ಪ ಕರ್ಕೊಂಡು ಹೋದ, ಸೋಮವಾರ ಸ್ಕೂಲಿಗೇ ಬಿಟ್ಟ, ಗಂಡ ಹೆಂಡತಿ ಮುಖ ನೋಡೋ ಪ್ರಮೇಯಾನೇ ಇಲ್ಲ. ಒಬ್ಬರು ಬೆಂಗಳೂರಲ್ಲಿ ಇದ್ರೆ ಕಥೆನೇ ಬೇರೆ. ನಮ್ಮ ಜಿಲ್ಲೆಗೆ ರೈಲಿಲ್ಲ, ಮಡಿಕೇರಿಯಿಂದ ಬೆಂಗಳೂರಿಗೆ 250 ಕಿಲೋಮೀಟರ್ ಮೇಲೆ, ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹಿಡಿದ್ರೆ ಎಲ್ಲಿ ಮರ ಬೀಳುತ್ತೆ ಎಲ್ಲಿ ಗುಡ್ಡ ಜಾರುತ್ತೆ ಹೇಳೋಕಾಗಲ್ಲ, 2018 ನೋಡಿದೋರಿಗೆ ಬಿಡಿಸಿ ಹೇಳೋದು ಬೇಡ. ಬೆಂಗಳೂರಿನ ಯಾರದೋ ಅಗ್ರಿಮೆಂಟ್ ಕಾಪಿ ಮಾಡಿ "ತಿಂಗಳ ಮೊದಲನೇ ಮತ್ತು ಮೂರನೇ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5" ಅಂತ ಹಾಕೋರಿದ್ದಾರೆ, ಅದು ಮೊದಲನೇ ಮಳೆಗಾಲದಲ್ಲೇ ಕೆಟ್ಟುಹೋಗುತ್ತೆ, ಬರೋಕಾಗದೋರು ಬರಲಿಲ್ಲ ಅಂತ, ಕಳಿಸೋಕಾಗದೋರು ಕಳಿಸಲಿಲ್ಲ ಅಂತ ಇಬ್ಬರೂ ಅರ್ಜಿ ಹಾಕ್ತಾರೆ. ಅದರ ಬದಲು ತಿಂಗಳಿಗೊಂದು ಪೂರ್ತಿ ವಾರಾಂತ್ಯ ರಾತ್ರಿ ಉಳಿಯೋ ಥರ, ಬೇಸಿಗೆ ರಜೆ ಮತ್ತು ದಸರಾ ರಜೆಯಲ್ಲಿ ಅರ್ಧ, ವಾರದಲ್ಲಿ ನಿಗದಿ ದಿನ ವಿಡಿಯೋ ಕಾಲ್, ಮಳೆಯಿಂದ ತಪ್ಪಿದ ಭೇಟಿಗೆ ಮುಂದಿನ ತಿಂಗಳು ಬದಲಿ ದಿನ ಅಂತ ಬರೆದ್ರೆ ಉಳಿಯುತ್ತೆ. ವಿಡಿಯೋ ಕಾಲನ್ನೂ ಹಕ್ಕಿನ ಥರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರ ಯಶಿತಾ ಸಾಹು ಕೇಸಲ್ಲಿ ಹೇಳಿದೆ, ಹಾಗಾಗಿ ಅದನ್ನ ಬಾಯಿಮಾತಿಗೆ ಬಿಡದೆ ಕಾಗದಕ್ಕೆ ಹಾಕಿಸಿ.

ಹಬ್ಬದ ವಿಷಯ ಬರೆಸೋದು ಯಾರಿಗೂ ನೆನಪಿರಲ್ಲ, ಜಗಳ ಮಾತ್ರ ಅಲ್ಲೇ ಶುರುವಾಗೋದು. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಮೂರನ್ನೂ ಹೆಸರು ಹಿಡಿದು ಬರೆಸಿ. ಪುತ್ತರಿಗೆ ತಾರೀಕು ಹಾಕ್ಬೇಡಿ, ಅದು ಪ್ರತಿ ವರ್ಷ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿ ಆಗೋದು, "ಪುತ್ತರಿ ದಿನ ಮತ್ತು ಮಾರನೇ ದಿನ ಮಗು ಅಪ್ಪನ ಐನ್‌ಮನೆಯಲ್ಲಿ" ಅಂತ ಬರೆದ್ರೆ ಸಾಕು (ಐನ್‌ಮನೆ ಅಂದ್ರೆ ಒಕ್ಕದ ಮೂಲ ಮನೆ). ಬೇಸಿಗೆಯ ಕೊಡವ ಹಾಕಿ ಹಬ್ಬಕ್ಕೂ ಅಷ್ಟೇ, ಅಲ್ಲಿ ಟೀಮ್ ಒಕ್ಕದ ಹೆಸರಲ್ಲಿ ಆಡೋದು, ಅಮ್ಮನ ಹತ್ರ ಬೆಳೀತಿರೋ ಮಗುವಿಗೆ ಅಪ್ಪನ ಒಕ್ಕದ ಜರ್ಸಿ ಹಾಕ್ಕೋಬೇಕು ಅಂತ ಆಸೆ ಇದ್ರೆ ಅದಕ್ಕೆ ಅಡ್ಡ ಬರೋಕೆ ಯಾವ ಕಾರಣನೂ ಇಲ್ಲ. ಕಸ್ಟಡಿ ತಾಯಿಗೆ ಬಂತು ಅಂದ ಮಾತ್ರಕ್ಕೆ ಮಗುವಿನ ಮನೆ ಹೆಸರಾಗಲಿ, ಅಪ್ಪನ ಆಸ್ತಿಯಲ್ಲಿ ಮಗುವಿಗಿರೋ ಹಕ್ಕಾಗಲಿ ಹೋಗಲ್ಲ. ಅಜ್ಜಂದಿರು ಗಟ್ಟಿಯಾಗಿ ಹಟ ಹಿಡಿಯೋದು ಈ ಭಯದಿಂದಲೇ, ಅವರನ್ನ ಕೂರಿಸಿ ಇದೊಂದು ಹೇಳಿದ್ರೆ ಅರ್ಧ ಕೇಸು ತಣ್ಣಗಾಗುತ್ತೆ.

ಕೇಸು ಮುಗಿಯೋವರೆಗೆ ಕಾಯಬೇಕಾಗಿಯೂ ಇಲ್ಲ, ಮಧ್ಯಂತರ ಕಸ್ಟಡಿ, ಮಧ್ಯಂತರ ಭೇಟಿಗೆ ಹಿಂದೂ ವಿವಾಹ ಕಾಯ್ದೆ ಸೆಕ್ಷನ್ 26ರಲ್ಲಿ ಅರ್ಜಿ ಹಾಕಬಹುದು. ಮಗುನ ಮಾತ್ರ ರಾತ್ರೋರಾತ್ರಿ ಎತ್ಕೊಂಡು ಬೇರೆ ಊರಿಗೆ ಹೋಗ್ಬೇಡಿ. ಬರೀ ಕಸ್ಟಡಿ ಕೇಸು ಹಾಕೋದು ಮಗು ಸಾಮಾನ್ಯವಾಗಿ ವಾಸ ಇರೋ ಊರಿನ ಕೋರ್ಟಲ್ಲಿ, ಎತ್ಕೊಂಡು ಹೋದ್ರೆ ಆ ವಾಸ ಯಾವುದು ಅನ್ನೋದರ ಮೇಲೇ ವರ್ಷಗಟ್ಟಲೆ ವಾದ ನಡೆಯುತ್ತೆ, ಜೊತೆಗೆ ಎತ್ಕೊಂಡು ಹೋದವರ ಬಗ್ಗೆ ಜಡ್ಜ್‌ಗೆ ಒಳ್ಳೇ ಅಭಿಪ್ರಾಯ ಇರಲ್ಲ.

ದುಡ್ಡು: ಎಲ್ಲಿ ಕೇಳೋದು, ಹೇಗೆ ಕೇಳೋದು

ಸಂಬಳದಲ್ಲಿ ಇಷ್ಟು ಪರ್ಸೆಂಟ್ ಅಂತ ಕಾನೂನಲ್ಲಿ ಎಲ್ಲೂ ಬರೆದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಲ್ಲಿ ಗಂಡನ ಕೈಗೆ ಬರೋ ಸಂಬಳದ 25 ಪರ್ಸೆಂಟ್ ನ್ಯಾಯವಾದದ್ದು ಅಂದಿದ್ದನ್ನ ಹಿಡ್ಕೊಂಡು ವಾಟ್ಸಾಪ್‌ನಲ್ಲಿ ಅದೇ ರೂಲ್ ಅಂತ ಹಂಚ್ತಾರೆ, ಅದು ಆ ಕೇಸಿನ ಲೆಕ್ಕ. 2020ರ ನವೆಂಬರ್‌ನಲ್ಲಿ ಬಂದ ರಜನೀಶ್ ವರ್ಸಸ್ ನೇಹಾ ತೀರ್ಪು ಮಾತ್ರ ಎಲ್ಲರಿಗೂ ಗೊತ್ತಿರಬೇಕು. ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲಾ ಅಫಿಡವಿಟ್‌ನಲ್ಲಿ ಹಾಕಬೇಕು, ಜೀವನಾಂಶವನ್ನ ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು, ಆರ್ಡರ್ ಬಂದ ದಿನದಿಂದ ಅಲ್ಲ. ಹೆಂಡತಿ ಕೆಲಸದಲ್ಲಿದ್ದಾಳೆ ಅಂದ ಮಾತ್ರಕ್ಕೆ ಕೊಡಬೇಕಾಗಿಲ್ಲ ಅಂತಲೂ ಅಲ್ಲ. ಅಫಿಡವಿಟ್‌ನಲ್ಲಿ ಸುಳ್ಳು ಬರೆದ್ರೆ ಅದೇ ಬೇರೆ ಕೇಸು.

ಬಾಗಿಲುಗಳು ಮೂರ್ನಾಲ್ಕಿವೆ. ಡೈವೋರ್ಸ್ ಬೇಕೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ, ಮನೆ ಖರ್ಚಿಗೆ ಮಾತ್ರ ದುಡ್ಡು ಬೇಕು ಅಂದ್ರೆ ಹಳೇ ಸಿಆರ್‌ಪಿಸಿಯ 125, ಅದೇ ಈಗ 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಬಿಎನ್‌ಎಸ್‌ಎಸ್‌ನ ಸೆಕ್ಷನ್ 144. ಜಾತಿ ಧರ್ಮ ನೋಡದೆ ಹೆಂಡತಿ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಎಲ್ಲರಿಗೂ ಇದು ಅನ್ವಯ, ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಈ ಸೆಕ್ಷನ್‌ನಲ್ಲಿ ಕೇಳಬಹುದು ಅಂತ ಅದೇ ವರ್ಷ ಜುಲೈ 10ಕ್ಕೆ ಸುಪ್ರೀಂ ಕೋರ್ಟ್ ಹೇಳಿತು. ಇದರ ಬಲ ವಸೂಲಿಯಲ್ಲಿ, ಕೊಡದೆ ತಪ್ಪಿಸಿಕೊಂಡ್ರೆ ವಾರಂಟು, ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೂ ಜೈಲು. ಆದ್ರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದ ಒಳಗೆ ವಸೂಲಿ ಅರ್ಜಿ ಹಾಕಬೇಕು, "ಪಾಪ ಕಾಫಿ ರೇಟು ಬರಲಿ ಕೊಡ್ತಾರೆ" ಅಂತ ಮೂರು ವರ್ಷ ಸುಮ್ಮನೆ ಕೂತ್ರೆ ಈ ವಾರಂಟಿನ ದಾರಿ ಹಳೇ ಬಾಕಿಗೆ ಸಿಗಲ್ಲ. ಹೊಡೆತ ಬೈಗುಳ ಇದೆ, ಮನೆಯಿಂದ ಹೊರಗೆ ಹಾಕಿದ್ದಾರೆ ಅಂದ್ರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಅಂದ್ರೆ ಡಿವಿ ಆಕ್ಟೇ ಸರಿ, ಒಂದೇ ಅರ್ಜಿಯಲ್ಲಿ ರಕ್ಷಣೆ, ಮನೆಯಲ್ಲಿ ವಾಸದ ಹಕ್ಕು, ಖರ್ಚು, ಮಗುವಿನ ತಾತ್ಕಾಲಿಕ ಕಸ್ಟಡಿ ಎಲ್ಲಾ ಕೇಳಬಹುದು. ಮನೆ ಮಾವನ ಹೆಸರಲ್ಲಿದೆ, ಐನ್‌ಮನೆ ಒಕ್ಕದ್ದು, ನಿನಗೇನು ಹಕ್ಕು ಅಂತ ಹೆದರಿಸಿದ್ರೆ ಹೆದರಬೇಡಿ, ಸಂಸಾರ ಮಾಡಿಕೊಂಡಿದ್ದ ಮನೆ ಅತ್ತೆ ಮಾವಂದಿರದ್ದಾದ್ರೂ ವಾಸದ ಹಕ್ಕು ಕೇಳಬಹುದು ಅಂತ 2020ರಲ್ಲಿ ಸತೀಶ್ ಚಂದರ್ ಅಹುಜಾ ಕೇಸಲ್ಲಿ ತೀರ್ಪಾಗಿದೆ, ಅದು ಮಾಲೀಕತ್ವದ ಹಕ್ಕಲ್ಲ, ಇರೋಕೆ ಹಕ್ಕು. ಡೈವೋರ್ಸ್ ಕೇಸು ಆಗಲೇ ನಡೀತಿದ್ರೆ ಹಿಂದೂ ವಿವಾಹ ಕಾಯ್ದೆ ಸೆಕ್ಷನ್ 24ರಲ್ಲಿ ಮಧ್ಯಂತರ ಖರ್ಚು, ವಕೀಲರ ಫೀಸಿಗೂ ಸೇರಿಸಿ, ಇದನ್ನ ಆದಾಯ ಇಲ್ಲದ ಗಂಡನೂ ಕೇಳಬಹುದು. ಕೊನೆಯ ತೀರ್ಪಿನ ಹೊತ್ತಿಗೆ ಸೆಕ್ಷನ್ 25. ಎರಡು ಮೂರು ಕಡೆ ಹಾಕೋಕೆ ಅಡ್ಡಿ ಇಲ್ಲ, ಆದ್ರೆ ಒಂದು ಕಡೆ ಸಿಕ್ಕಿದ್ದನ್ನ ಇನ್ನೊಂದು ಕಡೆ ಹೇಳಲೇಬೇಕು, ಅದನ್ನ ಕಳೆದೇ ಲೆಕ್ಕ ಹಾಕೋದು. ನನ್ನ ಮಾತು ಕೇಳೋದಾದ್ರೆ, ಹೊಡೆತ ಇದ್ರೆ ಡಿವಿ, ಇಲ್ಲಾಂದ್ರೆ 144, ಒಂದು ಬಾಗಿಲು ಹಿಡಿದು ಗಟ್ಟಿಯಾಗಿ ನಿಲ್ಲಿ, ನಾಲ್ಕು ಕಡೆ ವಾಯಿದೆಗೆ ಓಡಾಡಿದ್ರೆ ಬಸ್ ಚಾರ್ಜಿಗೇ ಜೀವನಾಂಶ ಸಾಲಲ್ಲ.

ಕೊಡಗಿನ ಕಷ್ಟ ಅಂದ್ರೆ ಆದಾಯ ತೋರಿಸೋದು. ಬೆಂಗಳೂರಿನ ಕಂಪನಿ ಉದ್ಯೋಗಿ ಆದ್ರೆ ಸ್ಯಾಲರಿ ಸ್ಲಿಪ್ ಇದೆ. ತೋಟದವರಿಗೆ ಸ್ಲಿಪ್ ಎಲ್ಲಿಂದ ಬರ್ಬೇಕು, ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲದ ಕಾರಣ ರಿಟರ್ನ್ಸ್ ನೋಡಿದ್ರೂ ಪೂರ್ತಿ ಚಿತ್ರ ಸಿಗಲ್ಲ, "ನನಗೇನೂ ಇಲ್ಲ, ತೋಟ ಎಲ್ಲಾ ಅಪ್ಪಂದು" ಅಂತ ಆಬ್ಜೆಕ್ಷನ್ ಹಾಕಿಬಿಡ್ತಾರೆ. ಅದಕ್ಕೆ ಉತ್ತರ ಕಾಗದದಲ್ಲೇ ಇದೆ. ಪಹಣಿ, ಕಾಫಿ ಕರಿಮೆಣಸು ಮಾರಿದ ಬಿಲ್ಲು, ಸಹಕಾರ ಸಂಘದ ಬೆಳೆ ಸಾಲದ ವಿವರ, ಬ್ಯಾಂಕ್ ಸ್ಟೇಟ್‌ಮೆಂಟು, ಹೋಂಸ್ಟೇ ಇದ್ರೆ ಅದರ ರಿಜಿಸ್ಟ್ರೇಷನ್ನು ಬುಕಿಂಗ್ ಸೈಟಿನ ಪುಟ, ಮಗುವಿನ ಸ್ಕೂಲ್ ಫೀಸು ಇಷ್ಟು ವರ್ಷ ಯಾರ ಅಕೌಂಟಿಂದ ಹೋಗಿದೆ ಅನ್ನೋ ದಾಖಲೆ. ಕೊಡೋ ಕಡೆಯವರಿಗೂ ಇದೇ ಮಾತು, ನಿಜವಾಗಲೂ ರೇಟು ಬಿದ್ದು ಮಳೆಗೆ ಕಾಯಿ ಉದುರಿ ನಷ್ಟ ಆಗಿದ್ರೆ ಅದೇ ಬಿಲ್ಲುಗಳು ನಿಮ್ಮನ್ನ ಕಾಪಾಡ್ತವೆ, ಬರೀ ಬಾಯಲ್ಲಿ ನಷ್ಟ ಅಂದ್ರೆ ಯಾರೂ ನಂಬಲ್ಲ. ಸೈನ್ಯದಲ್ಲಿರೋರ ಮನೆಯವರಿಗೆ ಇನ್ನೊಂದು ದಾರಿ ಇದೆ, 1950ರ ಆರ್ಮಿ ಆಕ್ಟ್‌ನಲ್ಲೇ ಹೆಂಡತಿ ಮಕ್ಕಳ ಖರ್ಚಿಗೆ ಸಂಬಳದಿಂದ ಕಡಿತ ಮಾಡಿಸೋ ಅವಕಾಶ ಇರೋದರಿಂದ ಯೂನಿಟ್ ಮೂಲಕ ಅರ್ಜಿ ಕೊಡಬಹುದು.

ಈಗ ತಿಂಗಳಿಗೊಮ್ಮೆಯೋ ಒಂದೇ ಸಲದ ಗಂಟೋ ಅನ್ನೋ ಪ್ರಶ್ನೆ. ಹೆಂಡತಿಯ ಪಾಲಿನ ಜೀವನಾಂಶಕ್ಕೆ ಒಂದೇ ಸಲ ತಗೊಳ್ಳೋದು ಒಳ್ಳೇದು ಅಂತ ನನ್ನ ಅನಿಸಿಕೆ, ಸಂಬಂಧ ಅಲ್ಲಿಗೆ ಮುಗಿಯುತ್ತೆ, ಮರುಮದುವೆ ಆದ್ರೆ ನಿಂತುಹೋಗುತ್ತೆ ಅನ್ನೋ ತಲೆನೋವಿಲ್ಲ, ಕೊಡೋರಿಗೂ ಪ್ರತಿ ತಿಂಗಳು ಆ ಹೆಸರು ನೋಡೋ ಸಂಕಟ ಇಲ್ಲ. ಆದ್ರೆ ಮಗುವಿನ ದುಡ್ಡನ್ನ ಆ ಗಂಟಿನಲ್ಲಿ ಸೇರಿಸಬೇಡಿ. ಮೂರು ವರ್ಷದ ಮಗುವಿಗೆ ಇವತ್ತು ಹತ್ತು ಲಕ್ಷ ದೊಡ್ಡದಾಗಿ ಕಾಣುತ್ತೆ, ಪಿಯುಸಿಗೆ ಬರೋ ಹೊತ್ತಿಗೆ ಅದು ಮನೆ ರಿಪೇರಿಗೋ ಯಾರದೋ ಆಸ್ಪತ್ರೆಗೋ ಹೋಗಿರುತ್ತೆ. "ಮಗುವಿಗೂ ಏನೂ ಬೇಡ" ಅಂತ ಅಮ್ಮ ಸೈನ್ ಹಾಕಿದ್ರೂ ಆ ಹಕ್ಕು ಮಗುವಿನದು, ಆಮೇಲೆ ಮಗುವಿನ ಹೆಸರಲ್ಲಿ ಕೇಳೋಕೆ ಬರುತ್ತೆ, ಹಾಗಾಗಿ ಆ ಸಾಲು ಬರೆಸಿಕೊಂಡು ನೆಮ್ಮದಿಯಾಗಿ ಮಲಗೋ ಅಪ್ಪನಿಗೂ ಅದರಿಂದ ಗ್ಯಾರಂಟಿ ಏನಿಲ್ಲ. ಅಮ್ಮ ಮರುಮದುವೆ ಆದ್ರೂ ಮಗುವಿನ ಖರ್ಚು ಅಪ್ಪನ ತಲೆಯಿಂದ ಇಳಿಯಲ್ಲ.

ತೋಟದ ಮನೆಗೆ ಪ್ರತಿ ತಿಂಗಳು ಒಂದೇ ಮೊತ್ತ ಅನ್ನೋದು ಕಷ್ಟ, ದುಡ್ಡು ಬರೋದೇ ಕಾಫಿ ಕೊಯ್ದು ಮಾರಿದ ಮೇಲೆ, ಮೆಣಸು ಆಮೇಲೆ. ಒಪ್ಪಂದ ಬರೆಯೋವಾಗ ಇದನ್ನ ಉಪಯೋಗಿಸಿಕೊಳ್ಳಿ. ಉದಾಹರಣೆಗೆ ತಿಂಗಳಿಗೆ 8,000 ಮಗುವಿನ ಅಕೌಂಟಿಗೆ, ಪ್ರತಿ ವರ್ಷ ಏಪ್ರಿಲ್ ಮುಗಿಯೋದರೊಳಗೆ ಆ ವರ್ಷದ ಸ್ಕೂಲ್ ಫೀಸು ನೇರ ಸ್ಕೂಲಿಗೆ, ಆಸ್ಪತ್ರೆ ಖರ್ಚು ಅರ್ಧರ್ಧ, ಎರಡು ವರ್ಷಕ್ಕೊಮ್ಮೆ ತಿಂಗಳ ಮೊತ್ತದಲ್ಲಿ 10 ಪರ್ಸೆಂಟ್ ಏರಿಕೆ. ಸಂಖ್ಯೆ ನಿಮ್ಮದು ನೀವು ಹಾಕ್ಕೊಳ್ಳಿ, ರೂಪ ಈ ಥರ ಇದ್ರೆ ಬಾಕಿ ಬೀಳೋದು ಕಡಿಮೆ. ಇನ್ನೊಂದು ದೊಡ್ಡ ತೂತು ಇದೆ, 144ರಲ್ಲಿ ಆರೋಗ್ಯವಾಗಿರೋ ಮಗುವಿಗೆ ಖರ್ಚು ಸಾಮಾನ್ಯವಾಗಿ 18 ವರ್ಷದವರೆಗೆ ಅಷ್ಟೇ, ನಿಜವಾದ ಖರ್ಚು ಶುರುವಾಗೋದು 18ಕ್ಕೇ, ಇಂಜಿನಿಯರಿಂಗೋ ನರ್ಸಿಂಗೋ ಏನೋ ಒಂದು. ಮದುವೆಯಾಗದ ಮಗಳಾದ್ರೆ 1956ರ ದತ್ತು ಮತ್ತು ಜೀವನಾಂಶ ಕಾಯ್ದೆ ಸೆಕ್ಷನ್ 20ರಲ್ಲಿ ಆಮೇಲೂ ಕೇಳಬಹುದು, ಮಗನಿಗೆ ಆ ಸೌಲಭ್ಯ ಇಲ್ಲ. ಹಾಗಾಗಿ ಒಪ್ಪಂದದಲ್ಲೇ "ಮೊದಲನೇ ಡಿಗ್ರಿ ಮುಗಿಯೋವರೆಗೆ" ಅಂತ ಬರೆಸಿಬಿಡಿ, ಕೋರ್ಟ್ ತಾನಾಗಿ ಕೊಡದೇ ಇರೋದನ್ನ ಒಪ್ಪಂದದಲ್ಲಿ ಪಡೆಯಬಹುದು.

ತೋಟ ಬರೆದುಕೊಡ್ತೀನಿ ಅಂತ ಮಾತು ಬಂದ್ರೆ ಪಹಣಿ ನೋಡದೆ ಒಪ್ಪಬೇಡಿ. ಜಮ್ಮಾ ಜಾಗದಲ್ಲಿ, ಅಂದ್ರೆ ಒಕ್ಕಕ್ಕೆ ತಲೆತಲಾಂತರದಿಂದ ಬಂದ ಜಮೀನಿನಲ್ಲಿ, ಪಟ್ಟೇದಾರರ ಹೆಸರು, ಜೊತೆಗೆ ಒಕ್ಕದ ಬೇರೆಯವರ ಪಾಲು ಇರುತ್ತೆ, ಅವರ ಸೈನ್ ಇಲ್ಲದೆ ಗಂಡ ಒಬ್ಬನೇ ಎಕರೆ ಲೆಕ್ಕದಲ್ಲಿ ಬರೆದುಕೊಟ್ಟ ಕಾಗದ ಹಿಡ್ಕೊಂಡು ದಾಯಾದಿಗಳ ಜೊತೆ ಇನ್ನೊಂದು ಕೇಸು ಆಡಬೇಕಾಗುತ್ತೆ. ಅದಕ್ಕಿಂತ ಡಿಡಿ ಮೇಲು.

ಒಂದು ಮಾತು, ದುಡ್ಡು ಕೊಟ್ಟಿಲ್ಲ ಅಂತ ಮಗುನ ತೋರಿಸದೆ ಇರೋ ಹಾಗಿಲ್ಲ, ಮಗುನ ತೋರಿಸಿಲ್ಲ ಅಂತ ದುಡ್ಡು ನಿಲ್ಲಿಸೋ ಹಾಗೂ ಇಲ್ಲ. ಎರಡಕ್ಕೂ ಅರ್ಜಿ ಬೇರೆ ಬೇರೆ.

ಈಗ ಡೈವೋರ್ಸ್: ಒಪ್ಪಿಗೆಯೋ, ಕಂಟೆಸ್ಟೋ, ಬರೀ ಬೇರೆ ಇರೋದೋ

ಮೇಲಿನ ಎರಡೂ ಬರೆದು ಆಗಿದ್ರೆ ಈ ಭಾಗ ಸುಲಭ. ಮ್ಯೂಚುವಲ್, ಅಂದ್ರೆ ಹಿಂದೂ ವಿವಾಹ ಕಾಯ್ದೆ ಸೆಕ್ಷನ್ 13ಬಿ (ಈ ಭಾಗದ ಸೆಕ್ಷನ್‌ಗಳೆಲ್ಲ ಇದೇ ಕಾಯ್ದೆಯವು), ಒಂದು ವರ್ಷ ಬೇರೆ ಇದ್ದಿರಬೇಕು, ಬೇರೆ ಅಂದ್ರೆ ಬೇರೆ ಮನೆಯೇ ಆಗಬೇಕಿಲ್ಲ, ಒಂದೇ ಸೂರಿನಡಿ ಗಂಡ ಹೆಂಡತಿ ಥರ ಬದುಕ್ತಿಲ್ಲ ಅಂದ್ರೂ ಸಾಕು. ಮೊದಲನೇ ಅರ್ಜಿ ಹಾಕಿ ಆರು ತಿಂಗಳು ಆದ ಮೇಲೆ, 18 ತಿಂಗಳ ಒಳಗೆ ಎರಡನೇ ಸಲ ಬಂದು ಒಪ್ಪಿಗೆ ಹೇಳಬೇಕು. ಈ ಆರು ತಿಂಗಳನ್ನ ಮನ್ನಾ ಮಾಡಬಹುದು ಅಂತ 2017ರ ಅಮರ್‌ದೀಪ್ ಸಿಂಗ್ ತೀರ್ಪು ಹೇಳುತ್ತೆ, ಆದ್ರೆ ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿ ಪ್ರಯತ್ನ ಸೋತು, ಜೀವನಾಂಶ ಕಸ್ಟಡಿ ಎಲ್ಲಾ ಇತ್ಯರ್ಥ ಆಗಿರಬೇಕು. ಮಗು, ದುಡ್ಡು ಮೊದಲು ಬರೆಯಿರಿ ಅಂದಿದ್ದು ಇದಕ್ಕೂ ಹೌದು, ಅವು ಬಾಕಿ ಇದ್ರೆ ಮನ್ನಾ ಸಿಗಲ್ಲ. ಒಬ್ಬರು ಹೊರದೇಶದಲ್ಲಿದ್ರೆ ವಿಡಿಯೋ ಕಾನ್ಫರೆನ್ಸ್‌ನಲ್ಲಿ ಹಾಜರಾಗೋಕೆ ಕೇಳಬಹುದು.

ಒಪ್ಪಿಗೆ ದಾರಿಯ ಅಪಾಯ ಏನಂದ್ರೆ ಎರಡನೇ ಸಲ ಒಪ್ಪಿಗೆ ಹೇಳೋ ದಿನದ ಮುಂಚೆ ಯಾರು ಬೇಕಾದ್ರೂ ಒಪ್ಪಿಗೆ ವಾಪಸ್ ತಗೋಬಹುದು, 1991ರಿಂದ ಸುಪ್ರೀಂ ಕೋರ್ಟ್ ಮಾತು ಅದು. ಅದಕ್ಕೇ ಪೂರ್ತಿ ದುಡ್ಡು ಮೊದಲನೇ ದಿನವೇ ಕೊಡೋದೂ ತಪ್ಪು, ಪೂರ್ತಿ ಕೊನೇ ದಿನಕ್ಕೆ ಇಟ್ಕೊಳ್ಳೋದೂ ತಪ್ಪು, ಅರ್ಧ ಮೊದಲನೇ ಅರ್ಜಿಗೆ ಅರ್ಧ ಎರಡನೇ ದಿನ ಜಡ್ಜ್ ಮುಂದೆ ಡಿಡಿ. ವರದಕ್ಷಿಣೆ ಕಿರುಕುಳದ ಕ್ರಿಮಿನಲ್ ಕೇಸು ಇದ್ರೆ ಅದು ಈ ಒಪ್ಪಂದದಿಂದ ತಾನಾಗೇ ಮುಚ್ಚಲ್ಲ, ಬೆಂಗಳೂರಿನ ಹೈಕೋರ್ಟಿಗೆ ಹೋಗಿ ಇಬ್ಬರೂ ಸೇರಿ ರದ್ದು ಮಾಡಿಸಬೇಕು, ಅದನ್ನ ಯಾರು ಯಾವಾಗ ಮಾಡ್ಬೇಕು ಅಂತಲೂ ಬರೆಸಿ.

ಕಂಟೆಸ್ಟೆಡ್ ಅಂದ್ರೆ ಸೆಕ್ಷನ್ 13, ಕ್ರೌರ್ಯ, ವ್ಯಭಿಚಾರ, ಎರಡು ವರ್ಷ ಬಿಟ್ಟುಹೋಗಿರೋದು ಮುಂತಾದ ಕಾರಣ ಹೇಳಿ ಸಾಬೀತು ಮಾಡ್ಬೇಕು. ಎದುರಿನವರು ಒಪ್ಪಲ್ಲ, ಸಮನ್ಸ್ ತಗೊಳ್ಳಲ್ಲ, ಇಲ್ಲಾಂದ್ರೆ ಹಿಂಸೆ ಇದೆ ಅಂದ್ರೆ ಇದೇ ದಾರಿ, ಬೇರೆ ಇಲ್ಲ. ಸಾಕ್ಷಿ, ಕ್ರಾಸ್, ಮುಂದಕ್ಕೆ ಹಾಕೋದು, ವರ್ಷಗಳೇ ಹೋಗ್ತವೆ. ನಮ್ಮಂಥ ಚಿಕ್ಕ ಜಿಲ್ಲೇಲಿ, ಎಲ್ಲರೂ ಎಲ್ಲರಿಗೂ ಯಾವುದೋ ಕಡೆಯಿಂದ ನೆಂಟರೇ ಆಗಿರೋ ಕಡೆ, ಅರ್ಜಿಯಲ್ಲಿ ಯಾರದೋ ಹೆಸರು ಎಳೆದು ತರೋ ಮುಂಚೆ ಯೋಚನೆ ಮಾಡಿ, ಆ ಅರ್ಜಿನ ಮುಂದೊಂದು ದಿನ ಮಗು ಓದಬಹುದು. ಸೆಕ್ಷನ್ 22ರ ಪ್ರಕಾರ ಈ ಕೇಸುಗಳು ಮುಚ್ಚಿದ ಕೋಣೆಯಲ್ಲೇ ನಡೀಬೇಕು, ವಿವರ ಪ್ರಕಟ ಮಾಡೋ ಹಾಗಿಲ್ಲ, ಬೇರೆಯವರು ಬಂದು ಕೂತಿದ್ರೆ ನಿಮ್ಮ ವಕೀಲರಿಗೆ ಹೇಳಿ ಎಬ್ಬಿಸಿ. ಮದುವೆ ಸತ್ತೇ ಹೋಗಿದೆ ಅನ್ನೋ ಕಾರಣಕ್ಕೆ ಡೈವೋರ್ಸ್ ಕೊಡೋದು 2023ರ ಶಿಲ್ಪಾ ಶೈಲೇಶ್ ತೀರ್ಪಿನ ಪ್ರಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇರೋ ಅಧಿಕಾರ, ಮಡಿಕೇರಿ ಕೋರ್ಟಲ್ಲಿ ಅದನ್ನ ಕೇಳೋಕಾಗಲ್ಲ.

ಡೈವೋರ್ಸ್ ಅಂದ್ರೆ ಮನಸ್ಸು ಒಪ್ತಿಲ್ಲ, ಒಟ್ಟಿಗೆ ಇರೋಕೂ ಆಗ್ತಿಲ್ಲ ಅನ್ನೋರಿಗೆ ಸೆಕ್ಷನ್ 10ರ ಜುಡಿಷಿಯಲ್ ಸೆಪರೇಷನ್ ಇದೆ. ಮದುವೆ ಉಳಿಯುತ್ತೆ, ಒಟ್ಟಿಗೆ ಇರೋ ಬಾಧ್ಯತೆ ಇರಲ್ಲ, ಜೀವನಾಂಶ ಕಸ್ಟಡಿ ಇದರಲ್ಲೂ ಕೇಳಬಹುದು, ಒಂದು ವರ್ಷ ಆದ್ರೂ ಕೂಡ್ಲಿಲ್ಲ ಅಂದ್ರೆ ಅದೇ ಆಧಾರದ ಮೇಲೆ ಡೈವೋರ್ಸ್. ಮದುವೆಯಾಗಿ ಒಂದು ವರ್ಷ ತುಂಬದೋರಿಗೆ ತುಂಬ ವಿಪರೀತ ಕಷ್ಟ ಇಲ್ಲದ ಹೊರತು ಡೈವೋರ್ಸ್ ಅರ್ಜಿ ಹಾಕೋಕಾಗಲ್ಲ, ಅಂಥವರಿಗೆ ಇದು ಉಪಯೋಗ. ಉಳಿದವರಿಗೆ ಎರಡು ಸಲ ಕೋರ್ಟ್ ಹತ್ತೋ ದಾರಿ, ನಾನಾದ್ರೆ ಹಿಡಿಯಲ್ಲ.

ಇವು ಯಾವುದೂ ಬೇಡ, ಊರಲ್ಲೇ ಮುಗಿಸೋಣ ಅನ್ನೋರು ಜಾಸ್ತಿ. ಮದುವೆ ದಿನ ಸಂಬಂಧ ಕೊಡೋವಾಗ ನಿಂತಿದ್ದ ಅರುವ, ಎರಡೂ ಕಡೆ ಹಿರಿಯರು ಕೂತು ಮಾತಾಡೋದು ತುಂಬ ಒಳ್ಳೇದೇ, ಮಗುವಿನ ವ್ಯವಸ್ಥೆ ವಕೀಲರಿಗಿಂತ ಅವರೇ ಚೆನ್ನಾಗಿ ಕೂಡಿಸ್ತಾರೆ. ಆದ್ರೆ ಅಲ್ಲಿ ಛಾಪಾ ಕಾಗದದಲ್ಲಿ ಬರೆದ ಬಿಡುಗಡೆ ಪತ್ರವಾಗಲಿ, ಪೊಲೀಸ್ ಸ್ಟೇಷನ್‌ನಲ್ಲಿ ಬರೆಸಿದ ಮುಚ್ಚಳಿಕೆಯಾಗಲಿ ಡೈವೋರ್ಸ್ ಅಲ್ಲ. ರೂಢಿಯ ಡೈವೋರ್ಸನ್ನ ಕಾಯ್ದೆಯ ಸೆಕ್ಷನ್ 29 ಉಳಿಸಿಕೊಂಡಿದೆ ನಿಜ, ಆದ್ರೆ ನಮ್ಮ ಸಮುದಾಯದಲ್ಲಿ ಆ ರೂಢಿ ಹಿಂದಿನಿಂದ ನಿರಂತರವಾಗಿ ಇದೆ ಅಂತ ಕೋರ್ಟಲ್ಲಿ ಸಾಬೀತು ಮಾಡೋ ಭಾರ ನಿಮ್ಮ ಮೇಲೇ. ಆ ಕಾಗದ ನಂಬಿ ಇನ್ನೊಂದು ಮದುವೆ ಆದ್ರೆ ದ್ವಿಪತ್ನಿತ್ವದ ಕೇಸು, ಏಳು ವರ್ಷದವರೆಗೆ ಶಿಕ್ಷೆ. ಹಿರಿಯರು ಮಾಡಿದ ಒಪ್ಪಂದ ಇದೆಯಲ್ಲ, ಅದನ್ನೇ ಸಾಲು ಸಾಲಾಗಿ 13ಬಿ ಅರ್ಜಿಗೆ ಸೇರಿಸಿ ಕೋರ್ಟ್ ಸೀಲ್ ಹಾಕಿಸಿ, ಎರಡೂ ಆಯ್ತು.

ಅರ್ಜಿ ಎಲ್ಲಿ ಹಾಕೋದು ಅಂದ್ರೆ ಮದುವೆ ಆದ ಊರು, ಕೊನೇಗೆ ಒಟ್ಟಿಗಿದ್ದ ಊರು, ಎದುರಿನವರು ಇರೋ ಊರು, ಹೆಂಡತಿ ಹಾಕೋದಾದ್ರೆ ಅವಳು ಈಗಿರೋ ಊರು, ಇಷ್ಟರಲ್ಲಿ ಯಾವುದಾದ್ರೂ. ಬೆಂಗಳೂರಲ್ಲಿ ಸಂಸಾರ ಮಾಡಿ ಈಗ ತವರಿಗೆ ಬಂದಿರೋ ಹೆಣ್ಣುಮಕ್ಕಳು ಬೆಂಗಳೂರಿಗೇ ಓಡಾಡಬೇಕು ಅಂದ್ಕೊಂಡಿರ್ತಾರೆ, ಬೇಕಾಗಿಲ್ಲ. ಫೀಸಿಗೆ ದುಡ್ಡಿಲ್ಲ ಅಂದ್ರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ, ಫೋನಲ್ಲಿ 15100. ಹೊಡೆತ ಬಡಿತ ಇದ್ರೆ 181ಕ್ಕೆ ಮಾಡಿ, ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಲ್ಲಿ ಸಂರಕ್ಷಣಾಧಿಕಾರಿ ಡಿವಿ ಅರ್ಜಿ ಬರೆಯೋಕೆ ಸಹಾಯ ಮಾಡ್ತಾರೆ. ಹೋಗೋವಾಗ ಮದುವೆ ರಿಜಿಸ್ಟ್ರೇಷನ್ ಪತ್ರ, ಅದಿಲ್ಲಾಂದ್ರೆ ಲಗ್ನಪತ್ರಿಕೆ ಮತ್ತು ಮದುವೆ ಫೋಟೋ, ಇಬ್ಬರ ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಸ್ಕೂಲ್ ಫೀಸ್ ರಸೀದಿ, ಒಂದು ವರ್ಷದ ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಪಹಣಿ ಎಲ್ಲಾ ಒಂದು ಫೈಲಲ್ಲಿ ಹಾಕ್ಕೊಂಡು ಹೋಗಿ, ಒರಿಜಿನಲ್ ಯಾರ ಕೈಗೂ ಕೊಡಬೇಡಿ, ನಮ್ಮ ಆಫೀಸಿನವರು ಕೇಳಿದ್ರೂ ಸಹ ಜೆರಾಕ್ಸೇ ಕೊಡಿ.